ಫೆಲಿಕ್ಸ್ ಎಂಬ ಬೆಕ್ಕು: ಒಂದು ಕಾರ್ಟೂನು ಪಾತ್ರದ ಕರ್ತೃತ್ವವಿಚಾರ

೧

ಒಂದು ಕೃತಿಯೊಡನೆ ಇಬ್ಬರ ಹೆಸರು ಸೇರಿಕೊಂಡು ಬಂದಾಗ, ಅದನ್ನು ಮಾಡಿದವರು ಯಾರು, ಮಾಡಿಸಿದವರು ಯಾರು ಎಂದು ವಿವೇಚಿಸುವುದು ನಮ್ಮ ವಿದ್ವಾಂಸರಿಗೆ ಹೊಸ ಕೆಲಸವಲ್ಲ. ‘ಕವಿರಾಜಮಾರ್ಗ’ವು ರಾಷ್ಟ್ರಕೂಟ ನೃಪತುಂಗನದೋ ಅವನ ಆಸ್ಥಾನದ ಶ್ರೀವಿಜಯನದೋ ಎಂಬ ಚರ್ಚೆ ದಶಕಗಳ ಕಾಲ ನಡೆದುದನ್ನು ಕನ್ನಡ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಇಂಥದೇ ಪ್ರಶ್ನೆ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ, ಮೇಲುನೋಟಕ್ಕೆ ಕೇವಲ ವಿನೋದದ್ದೆಂದು ತೋರುವ ಒಂದು ವಸ್ತುವಿನ ವಿಷಯವಾಗಿ ಎದ್ದಿತು. ಆ ವಸ್ತು ಫೆಲಿಕ್ಸ್ ಎಂಬ ಹೆಸರಿನ ಕಪ್ಪು ಬೆಕ್ಕು. ಮಿಕಿ ಮೌಸ್ ತೆರೆಯ ಮೇಲೆ ಕಾಣಿಸಿಕೊಳ್ಳುವುದಕ್ಕೆ ಒಂಬತ್ತು ವರ್ಷ ಮೊದಲೇ ಹುಟ್ಟಿ, ಮೂಕಚಿತ್ರಗಳ ಯುಗದಲ್ಲಿ ಲೋಕಪ್ರಸಿದ್ಧವಾದ ಕಾರ್ಟೂನು ಪಾತ್ರವಿದು.

ಬಹುಕಾಲ ಈ ಪಾತ್ರದ ಜನಕನೆಂದು ಪ್ರಸಿದ್ಧನಾಗಿದ್ದವನು ಪ್ಯಾಟ್ ಸಲಿವನ್. ಅವನ ಸ್ಟುಡಿಯೊದಲ್ಲಿ ಸಂಬಳಕ್ಕಿದ್ದ ಆಟೊ ಮೆಸ್ಮರ್ ಎಂಬವನೇ ಅದರ ನಿಜವಾದ ಕರ್ತೃವೆಂಬ ಮತ ತರುವಾಯ ಪ್ರಬಲವಾಯಿತು. ಪ್ರಸ್ತುತ ಲೇಖನದಲ್ಲಿ ನಾವು ಈ ಪಾತ್ರದ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸಿ, ಎರಡು ಪಕ್ಷಗಳ ಆಧಾರಗಳನ್ನೂ ತೂಗಿ ನೋಡಲು ಯತ್ನಿಸುತ್ತೇವೆ. ಬೆಕ್ಕಿನ ಚಿತ್ರಕ್ಕೆ ಇಷ್ಟು ವಿಚಾರವೇಕೆ ಎಂದು ಯಾರಾದರೂ ಕೇಳಬಹುದು. ಒಬ್ಬ ಮನುಷ್ಯನ ದುಡಿಮೆಯ ಫಲ ಮತ್ತೊಬ್ಬನ ಹೆಸರಿನಲ್ಲಿ ಅರ್ಧ ಶತಮಾನ ನಿಂತಿತೇ ಎಂಬ ಪ್ರಶ್ನೆ ವಸ್ತು ದೊಡ್ಡದಾದರೂ ಚಿಕ್ಕದಾದರೂ ಒಂದೇ ಎಂಬುದು ನಮ್ಮ ಉತ್ತರ.

೨

೧೯೧೯ರ ನವೆಂಬರ್ ೯ರಂದು ‘ಫೀಲೈನ್ ಫಾಲೀಸ್’ ಎಂಬ ಕಿರುಚಿತ್ರವು ಬಿಡುಗಡೆಯಾಯಿತು. ಅದರ ಹೆಸರನ್ನು ‘ಮಾರ್ಜಾಲ ಮೌಢ್ಯ’ ಎಂದು ಕನ್ನಡಿಸಬಹುದು. ಪ್ಯಾರಮೌಂಟ್ ಸಂಸ್ಥೆಯು ಚಿತ್ರಮಂದಿರಗಳಿಗೆ ಕಳುಹಿಸುತ್ತಿದ್ದ ‘ಸ್ಕ್ರೀನ್ ಮ್ಯಾಗಜೀನ್’ ಎಂಬ ಚಿತ್ರಸಂಚಿಕೆಯಲ್ಲಿ ಅದೊಂದು ಭಾಗವಾಗಿತ್ತು. ಅದರ ಕಥೆ ಸರಳವಾದುದು. ಮಾಸ್ಟರ್ ಟಾಮ್ ಎಂಬ ಗಂಡು ಬೆಕ್ಕು ಮನೆಯ ಕಾವಲನ್ನು ಬಿಟ್ಟು ತನ್ನ ಪ್ರೇಯಸಿಯ ಬಳಿಗೆ ಹೋಗುತ್ತದೆ. ಇತ್ತ ಇಲಿಗಳು ಮನೆಯನ್ನು ಸೂರೆಮಾಡುತ್ತವೆ. ಯಜಮಾನಿಯು ಬೆಕ್ಕನ್ನು ಹೊರದೂಡುತ್ತಾಳೆ. ಮತ್ತೆ ಪ್ರೇಯಸಿಯಲ್ಲಿಗೆ ಬಂದರೆ, ಅಲ್ಲಿ ಮರಿಗಳ ಹಿಂಡೇ ಅದನ್ನು ಎದುರುಗೊಳ್ಳುತ್ತದೆ. ಸಂಸಾರದ ಭಾರಕ್ಕೆ ಬೆದರಿದ ಬೆಕ್ಕು ಅನಿಲದ ಕಾರ್ಖಾನೆಗೆ ಓಡಿ, ಕೊಳವೆಗೆ ಬಾಯಿಟ್ಟು ಪ್ರಾಣ ಬಿಡುವುದರೊಡನೆ ಚಿತ್ರ ಮುಗಿಯುತ್ತದೆ. ಮೊದಲ ಚಿತ್ರದಲ್ಲಿಯೇ ಸತ್ತ ಪಾತ್ರವು ಮುಂದೆ ನೂರೈವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಬದುಕಿತು.

‘ಫೆಲಿಕ್ಸ್’ ಎಂಬ ಹೆಸರು ಮೊದಲು ಬಂದುದು ಅದೇ ವರ್ಷದ ಡಿಸೆಂಬರಿನಲ್ಲಿ, ಮೂರನೆಯ ಚಿತ್ರದಲ್ಲಿ. ಈ ನಾಮಕರಣದ ವಿಷಯದಲ್ಲಿಯೂ ಎರಡು ಕಥೆಗಳಿವೆ. ಮೆಸ್ಮರನ ಪ್ರಕಾರ ಹೆಸರನ್ನು ಸೂಚಿಸಿದವನು ಪ್ಯಾರಮೌಂಟಿನ ಜಾನ್ ಕಿಂಗ್. ಲ್ಯಾಟಿನ್ನಿನಲ್ಲಿ ‘ಫೆಲಿಸ್’ ಎಂದರೆ ಬೆಕ್ಕು, ‘ಫೆಲಿಕ್ಸ್’ ಎಂದರೆ ಅದೃಷ್ಟಶಾಲಿ. ಅಪಶಕುನವೆಂದು ಜನ ಅಂಜುವ ಕರಿಬೆಕ್ಕಿಗೆ ಅದೃಷ್ಟಶಾಲಿಯೆಂಬ ಹೆಸರಿಟ್ಟುದರಲ್ಲಿ ವಿನೋದವಿದೆ. ಸಲಿವನ್ನನಾದರೋ ಹೆಸರಿಗೆ ‘ಆಸ್ಟ್ರೇಲಿಯಾ ಫೆಲಿಕ್ಸ್’ ಎಂಬ ಮಾತೇ ಮೂಲವೆಂದು ಹೇಳುತ್ತಿದ್ದನು. ಇದು ೧೮೩೬ರಲ್ಲಿ ಭೂಶೋಧಕ ಥಾಮಸ್ ಮಿಚೆಲ್ ಇಂದಿನ ವಿಕ್ಟೋರಿಯ ಪ್ರಾಂತದ ಫಲವತ್ತಾದ ಭೂಮಿಗೆ ಇಟ್ಟ ಹೆಸರು. ಹೀಗೆ ಹೆಸರಿನಿಂದ ಮೊದಲ್ಗೊಂಡು ಪ್ರತಿಯೊಂದು ಸಂಗತಿಗೂ ಎರಡೆರಡು ಪಾಠಾಂತರಗಳಿರುವುದು ಈ ಚರಿತ್ರೆಯ ಲಕ್ಷಣವಾಗಿದೆ.

೩

ಸಲಿವನ್ ಹುಟ್ಟಿದುದು ಆಸ್ಟ್ರೇಲಿಯದ ಸಿಡ್ನಿ ನಗರದಲ್ಲಿ. ಲಂಡನ್ನಿನಲ್ಲಿ ಕೆಲಕಾಲವಿದ್ದು, ೧೯೧೦ರ ಸುಮಾರಿಗೆ ನ್ಯೂಯಾರ್ಕಿಗೆ ಬಂದನು. ಅಲ್ಲಿ ವಿಲಿಯಂ ಮ್ಯಾರಿನರ್ ಎಂಬ ಪತ್ರಿಕಾ ವ್ಯಂಗ್ಯಚಿತ್ರಕಾರನಿಗೆ ಸಹಾಯಕನಾದನು. ೧೯೧೪ರಲ್ಲಿ ಮ್ಯಾರಿನರ್ ಮೃತನಾದ ಮೇಲೆ ರಾವುಲ್ ಬಾರೆಯ ಸ್ಟುಡಿಯೊದಲ್ಲಿ ಕಾರ್ಟೂನು ಚಿತ್ರಗಳ ತಯಾರಿಕೆಯನ್ನು ಕಲಿತು, ಸ್ವಲ್ಪ ಕಾಲದಲ್ಲಿಯೇ ಸ್ವಂತ ಸ್ಟುಡಿಯೊ ತೆರೆದನು. ಅವನ ಸ್ಟುಡಿಯೊದ ಆರಂಭದ ಚಿತ್ರಮಾಲೆಯ ನಾಯಕನು ಮ್ಯಾರಿನರನ ಪತ್ರಿಕಾ ಪಾತ್ರವೊಂದರ ಆಧಾರದಿಂದ ಬಂದವನು ಎಂಬುದು ಗಮನಾರ್ಹ. ೧೯೧೭ರಲ್ಲಿ ಅಪ್ರಾಪ್ತವಯಸ್ಕ ಬಾಲಕಿಯೊಬ್ಬಳ ಮೇಲಿನ ಅತ್ಯಾಚಾರದ ಅಪರಾಧ ರುಜುವಾತಾಗಿ ಸಲಿವನ್ನನು ಸೆರೆವಾಸ ಅನುಭವಿಸಿದನು. ಇದು ಅವನ ಶೀಲದ ಮೇಲೆ ಬಿದ್ದ ತೀರ್ಪು. ಅಪರಾಧಿಯಾದವನು ಬೆಕ್ಕಿನ ಚಿತ್ರ ಬರೆದಿರಲಾರನೆಂದು ಇದರಿಂದ ಸಿದ್ಧವಾಗುವುದಿಲ್ಲ. ಈ ವಿವೇಕವನ್ನು ನಾವು ಕೊನೆಯವರೆಗೂ ಕಾಪಾಡಿಕೊಳ್ಳಬೇಕು.

ಮೆಸ್ಮರನು ೧೮೯೨ರಲ್ಲಿ ನ್ಯೂಜರ್ಸಿ ಸಂಸ್ಥಾನದ ವೆಸ್ಟ್ ಹೊಬೊಕನ್ನಿನಲ್ಲಿ ಹುಟ್ಟಿದನು. ೧೯೧೬ರ ಸುಮಾರಿಗೆ ಸಲಿವನ್ನನ ಸ್ಟುಡಿಯೊ ಸೇರಿ, ಚಾರ್ಲಿ ಚಾಪ್ಲಿನ್ನನನ್ನು ನಾಯಕನನ್ನಾಗಿ ಮಾಡಿದ ಕಾರ್ಟೂನು ಚಿತ್ರಗಳಲ್ಲಿ ದುಡಿದನು. ಈ ಕೆಲಸಕ್ಕಾಗಿ ಚಾಪ್ಲಿನ್ ತನ್ನ ವಿವಿಧ ಭಂಗಿಗಳ ಛಾಯಾಚಿತ್ರಗಳನ್ನು ಕಳುಹಿಸಿಕೊಟ್ಟನೆಂದು ಮೆಸ್ಮರನು ಮುಂದೆ ಸ್ಮರಿಸಿದ್ದಾನೆ. ಚಾಪ್ಲಿನ್ನನ ನಡೆ, ನಿಲುವು, ಭುಜದ ಕುಲುಕು, ಇವುಗಳನ್ನು ಒಂದೊಂದು ರೇಖೆಯಾಗಿ ಬಿಡಿಸಿ ಅಭ್ಯಾಸಮಾಡುವ ಅವಕಾಶ ಹೀಗೆ ಅವನಿಗೆ ದೊರೆಯಿತು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿ ಸೇವೆ ಸಲ್ಲಿಸಿ ೧೯೧೯ರಲ್ಲಿ ಹಿಂದಿರುಗಿದನು. ಸ್ಟುಡಿಯೊದಲ್ಲಿ ಕೆಲಸದ ಒತ್ತಡವಿದ್ದುದರಿಂದ, ಪ್ಯಾರಮೌಂಟಿಗೆ ಬೇಕಾಗಿದ್ದ ಕಿರುಚಿತ್ರವನ್ನು ಬಿಡುವಿನಲ್ಲಿ ಮನೆಯಲ್ಲಿಯೇ ಮಾಡಿಕೊಡುವಂತೆ ಸಲಿವನ್ನನು ತನಗೆ ಹೇಳಿದನೆಂದೂ, ಹಾಗೆ ಮಾಡಿಕೊಟ್ಟುದೇ ‘ಫೀಲೈನ್ ಫಾಲೀಸ್’ ಎಂದೂ ಮೆಸ್ಮರನ ಹೇಳಿಕೆ.

೪

ಕರ್ತೃತ್ವವನ್ನು ನಿರ್ಣಯಿಸುವ ಮೊದಲು ಕೃತಿಯ ಸ್ವರೂಪವನ್ನು ಅರಿಯಬೇಕು. ಮೂಕಚಿತ್ರಗಳ ಕಾಲದಲ್ಲಿ ಸೆಕೆಂಡಿಗೆ ಸುಮಾರು ೧೬ ಚೌಕಟ್ಟುಗಳು ತೆರೆಯ ಮೇಲೆ ಹಾಯುತ್ತಿದ್ದವು. ಈ ಲೆಕ್ಕದಲ್ಲಿ ಐದು ನಿಮಿಷದ ಚಿತ್ರಕ್ಕೆ ೪೮೦೦ ಚೌಕಟ್ಟುಗಳು ಬೇಕು. ಒಂದೊಂದು ಚಿತ್ರವನ್ನು ಎರಡೆರಡು ಸಲ ಸೆರೆಹಿಡಿದರೂ ಎರಡು ಸಾವಿರಕ್ಕೆ ಮೀರಿದ ರೇಖಾಚಿತ್ರಗಳು ಅವಶ್ಯ. ಇಷ್ಟನ್ನು ಕೆಲವೇ ಕೈಗಳು ಕೆಲವೇ ವಾರಗಳಲ್ಲಿ ಬರೆಯಬೇಕಾದರೆ ಶ್ರಮವನ್ನು ಉಳಿಸುವ ಉಪಾಯಗಳು ಬೇಕೇ ಬೇಕು. ಬೆಕ್ಕು ಕಪ್ಪಾದುದಕ್ಕೆ ಕಾರಣವೇ ಇದು. ದೇಹವನ್ನೆಲ್ಲ ಮಸಿಯಿಂದ ತುಂಬಿಬಿಟ್ಟರೆ ಒಳಗಿನ ರೇಖೆಗಳನ್ನು ಎಳೆಯುವ ಗೋಜಿಲ್ಲವೆಂದೂ, ಒಂದೇ ಘನವಾದ ಕಪ್ಪು ಆಕಾರವು ತೆರೆಯ ಮೇಲೆ ಚೆನ್ನಾಗಿ ಚಲಿಸುತ್ತದೆಂದೂ ಮೆಸ್ಮರನು ವಿವರಿಸಿದ್ದಾನೆ.

ಹಿನ್ನೆಲೆಯ ವಿಷಯದಲ್ಲಿಯೂ ಹೀಗೆಯೇ. ಚಲಿಸುವ ಪಾತ್ರವನ್ನು ಪಾರದರ್ಶಕವಾದ ಸೆಲ್ಯುಲಾಯ್ಡ್ ಹಾಳೆಯ ಮೇಲೆ ಬರೆದು ಸ್ಥಿರವಾದ ಹಿನ್ನೆಲೆಯ ಮೇಲಿಡುವ ವಿಧಾನಕ್ಕೆ ೧೯೧೪-೧೫ರಲ್ಲಿ ಅರ್ಲ್ ಹರ್ಡ್ ಪೇಟೆಂಟು ಪಡೆದಿದ್ದನು. ಸಲಿವನ್ನನ ಸ್ಟುಡಿಯೊದಲ್ಲಿ ಇದನ್ನು ತಲೆಕೆಳಗು ಮಾಡಿದರು. ಪಾತ್ರವನ್ನು ಕಾಗದದ ಮೇಲೆ ಬರೆದು, ಮನೆ, ಬೇಲಿ, ದಿಗಂತರೇಖೆ ಮುಂತಾದ ಹಿನ್ನೆಲೆಯನ್ನು ಸೆಲ್ಯುಲಾಯ್ಡ್ ಮೇಲೆ ಬರೆದು ಅದರ ಮೇಲೆ ಹೊದಿಸುತ್ತಿದ್ದರು. ಆದುದರಿಂದಲೇ ಈ ಚಿತ್ರಗಳಲ್ಲಿ ಹಿನ್ನೆಲೆಯ ರೇಖೆಗಳು ಅತಿ ವಿರಳ. ಬಿಳಿಯ ಬಯಲಿನಲ್ಲಿ ಕರಿಯ ಬೆಕ್ಕು ಒಂಟಿಯಾಗಿ ನಡೆಯುತ್ತದೆ.

ಈ ಮಿತವ್ಯಯದಿಂದಲೇ ಹೊಸದೊಂದು ಕಲೆ ಹುಟ್ಟಿತೆಂಬುದು ನಮ್ಮ ಅಭಿಪ್ರಾಯ. ತೆರೆಯ ಮೇಲೆ ಬೇರೆ ವಸ್ತುಗಳಿಲ್ಲದೆ ಹೋದಾಗ ಬೆಕ್ಕು ತನ್ನ ಬಾಲವನ್ನೇ ಕಿತ್ತು ಊರುಗೋಲನ್ನಾಗಿಯೋ ಕೊಕ್ಕೆಯನ್ನಾಗಿಯೋ ಬಳಸಿಕೊಳ್ಳುತ್ತದೆ. ತಲೆಯ ಮೇಲೆ ಮೂಡಿದ ಪ್ರಶ್ನಾರ್ಥಕ ಚಿಹ್ನೆಯನ್ನು ಕೈಚಾಚಿ ಹಿಡಿದು ಉಪಕರಣವಾಗಿಸಿಕೊಳ್ಳುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ತಲೆ ತಗ್ಗಿಸಿ, ಅತ್ತಿಂದಿತ್ತ ಶತಪಥ ತಿರುಗುವ ಅದರ ನಡಿಗೆ. ಅಲ್ಲಿಯವರೆಗಿನ ಕಾರ್ಟೂನುಗಳಲ್ಲಿ ಪಾತ್ರಗಳು ಓಡುತ್ತಿದ್ದವು, ಬೀಳುತ್ತಿದ್ದವು, ಹೊಡೆದಾಡುತ್ತಿದ್ದವು. ಫೆಲಿಕ್ಸನು ನಿಂತು ಯೋಚಿಸಿದನು. ಪ್ರೇಕ್ಷಕರು ಈ ಪಾತ್ರಕ್ಕೆ ಮನಸೋತುದಕ್ಕೆ ಇದೇ ಕಾರಣವಿರಬೇಕು. ಆರಂಭದಲ್ಲಿ ಮೂತಿ ಚೂಪಾಗಿ ಕೋನಕೋನವಾಗಿದ್ದ ಬೆಕ್ಕನ್ನು ದುಂಡಗಾಗಿಸಿ ಇಂದಿನ ರೂಪಕ್ಕೆ ತಂದವನು ಅದೇ ಸ್ಟುಡಿಯೊದಲ್ಲಿ ದುಡಿದ ಬಿಲ್ ನೋಲನ್ ಎಂಬುದನ್ನೂ ಇಲ್ಲಿ ಹೇಳಬೇಕು. ದುಂಡು ಆಕಾರವನ್ನು ಬೇಗ ಬರೆಯಬಹುದು, ಮುದ್ದಾಗಿಯೂ ಕಾಣುತ್ತದೆ.

೫

ಪ್ಯಾರಮೌಂಟಿನ ಚಿತ್ರಸಂಚಿಕೆ ನಿಂತುಹೋದ ಮೇಲೆ ಫೆಲಿಕ್ಸನ ಹಕ್ಕು ಸಲಿವನ್ನನ ಕೈಸೇರಿತು. ೧೯೨೨ರಿಂದ ಚಿತ್ರಗಳ ವಿತರಣೆಯನ್ನು ವಹಿಸಿಕೊಂಡವಳು ಮಾರ್ಗರೆಟ್ ವಿಂಕ್ಲರ್. ಹಿಂದೆ ಹ್ಯಾರಿ ವಾರ್ನರನ ಕಾರ್ಯದರ್ಶಿಯಾಗಿದ್ದ ಈಕೆ ಅಮೆರಿಕದ ಕಾರ್ಟೂನು ಚಿತ್ರೋದ್ಯಮದಲ್ಲಿ ವಿತರಣೆಗೆ ಇಳಿದ ಮೊದಲ ಮಹಿಳೆ. ಆಕೆಯ ದಕ್ಷತೆಯಿಂದ ಫೆಲಿಕ್ಸನ ಕೀರ್ತಿ ಇಂಗ್ಲೆಂಡಿಗೂ ಹಬ್ಬಿತು. ೧೯೨೩ರ ಆಗಸ್ಟಿನಲ್ಲಿ ಲಂಡನ್ನಿನ ‘ಡೈಲಿ ಸ್ಕೆಚ್’ ಪತ್ರಿಕೆಯಲ್ಲಿಯೂ, ಅದೇ ತಿಂಗಳು ಅಮೆರಿಕದ ಪತ್ರಿಕೆಗಳಲ್ಲಿಯೂ ಫೆಲಿಕ್ಸನ ಚಿತ್ರಕಥೆ ಪ್ರಾರಂಭವಾಯಿತು. ಅದೇ ವರ್ಷದ ‘ಫೆಲಿಕ್ಸ್ ಇನ್ ಹಾಲಿವುಡ್’ ಚಿತ್ರದಲ್ಲಿ ಬೆಕ್ಕು ಬಾಲವನ್ನು ಬೆತ್ತವಾಗಿಸಿ ಚಾಪ್ಲಿನ್ನನಂತೆ ನಡೆಯುವುದೂ, ಚಾಪ್ಲಿನ್ನನ ರೇಖಾರೂಪವೇ ಎದುರಾಗಿ ನನ್ನ ವಿದ್ಯೆಯನ್ನು ಕದ್ದೆಯೆಂದು ಗದರಿಸುವುದೂ ಉಂಟು. ಪಾತ್ರದ ವಂಶಾವಳಿಯನ್ನು ಚಿತ್ರವೇ ಒಪ್ಪಿಕೊಂಡಂತಾಯಿತು. ವಿಂಕ್ಲರಳೇ ವಿತರಿಸುತ್ತಿದ್ದ ವಾಲ್ಟ್ ಡಿಸ್ನಿಯ ‘ಆಲಿಸ್’ ಚಿತ್ರಗಳಲ್ಲಿ ಬರುವ ಜೂಲಿಯಸ್ ಎಂಬ ಬೆಕ್ಕು ಫೆಲಿಕ್ಸನನ್ನು ಬಹುಮಟ್ಟಿಗೆ ಹೋಲುತ್ತಿತ್ತು.

೧೯೨೫ರಲ್ಲಿ ವಿತರಣೆ ಎಜುಕೇಷನಲ್ ಪಿಕ್ಚರ್ಸ್ ಸಂಸ್ಥೆಗೆ ಹೋಯಿತು. ಎರಡು ವಾರಕ್ಕೊಂದರಂತೆ, ವರ್ಷಕ್ಕೆ ೨೬ ಚಿತ್ರಗಳು ಹೊರಬೀಳತೊಡಗಿದವು. ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿ ಚಲಚ್ಚಿತ್ರಕಲೆಯ ಸಾಧ್ಯತೆಗಳಿಗೆ ಫೆಲಿಕ್ಸನನ್ನು ಉದಾಹರಿಸಿದನು. ಜರ್ಮನಿಯ ಸಂಗೀತರಚನಕಾರ ಪಾಲ್ ಹಿಂಡೆಮಿತ್ ೧೯೨೭ರಲ್ಲಿ ಫೆಲಿಕ್ಸನ ಚಿತ್ರವೊಂದಕ್ಕೆ ಯಂತ್ರವಾದ್ಯದ ಸಂಗೀತವನ್ನು ರಚಿಸಿದನು. ಆ ದಶಕದ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ಆರ್‌ಸಿಎ ಸಂಸ್ಥೆಯವರು ದೂರದರ್ಶನದ ಪ್ರಯೋಗಗಳನ್ನು ನಡೆಸಿದಾಗ, ದೀಪಗಳ ತೀವ್ರ ಶಾಖವನ್ನು ಮನುಷ್ಯರು ಬಹಳ ಹೊತ್ತು ತಾಳಲಾರರೆಂದು, ಕಾಗದದ ರದ್ದಿನಿಂದ ಮಾಡಿದ ಫೆಲಿಕ್ಸನ ಬೊಂಬೆಯನ್ನು ತಿರುಗುವ ತಟ್ಟೆಯ ಮೇಲಿಟ್ಟು ಅದರ ಬಿಂಬವನ್ನು ೬೦ ಗೆರೆಗಳಲ್ಲಿ ಪ್ರಸಾರ ಮಾಡಿದರು.

ಇಷ್ಟೆಲ್ಲ ಕೀರ್ತಿಯೂ ಸಂದುದು ಸಲಿವನ್ನನಿಗೆ. ತೆರೆಯ ಮೇಲೆ ಬರುತ್ತಿದ್ದುದು ಅವನೊಬ್ಬನ ಹೆಸರು. ಪತ್ರಿಕೆಯ ಚಿತ್ರಕಥೆಯ ಮೇಲಿದ್ದುದೂ ಅವನದೇ.

೬

೧೯೨೮ರ ನವೆಂಬರಿನಲ್ಲಿ ಡಿಸ್ನಿಯ ‘ಸ್ಟೀಮ್‌ಬೋಟ್ ವಿಲ್ಲಿ’ ತೆರೆಕಂಡು, ಧ್ವನಿಯೊಡನೆ ಹೊಂದಿಕೊಂಡ ಕಾರ್ಟೂನಿನ ಯುಗ ಆರಂಭವಾಯಿತು. ಈ ಬದಲಾವಣೆಗೆ ಸಲಿವನ್ನನು ಸಕಾಲದಲ್ಲಿ ಒಗ್ಗಿಕೊಳ್ಳಲಿಲ್ಲ. ಎಜುಕೇಷನಲ್ ಸಂಸ್ಥೆಯ ಒಪ್ಪಂದ ಅದೇ ವರ್ಷ ಮುಗಿದಿತ್ತು. ಅನಂತರ ಬೇರೆ ವಿತರಕರ ಮೂಲಕ, ಮೂಕಚಿತ್ರವಾಗಿ ತಯಾರಾದವುಗಳಿಗೇ ಧ್ವನಿಯನ್ನು ಮೆತ್ತಿ ಹೊರತಂದರೂ ಅವು ಜನಕ್ಕೆ ರುಚಿಸಲಿಲ್ಲ. ೧೯೩೦ರ ವೇಳೆಗೆ ಚಿತ್ರಮಾಲೆ ನಿಂತಿತು. ೧೯೩೨ರಲ್ಲಿ ಸಲಿವನ್ನನ ಪತ್ನಿ ಕಿಟಕಿಯಿಂದ ಬಿದ್ದು ತೀರಿಕೊಂಡಳು. ಕುಡಿತದಿಂದ ಜರ್ಜರಿತನಾಗಿದ್ದ ಸಲಿವನ್ನನು ೧೯೩೩ರ ಫೆಬ್ರವರಿಯಲ್ಲಿ ಮೃತನಾದನು. ಸ್ಟುಡಿಯೊ ಮುಚ್ಚಿತು.

೧೯೩೬ರಲ್ಲಿ ವ್ಯಾನ್ ಬ್ಯೂರೆನ್ ಸ್ಟುಡಿಯೊ ಬರ್ಟ್ ಜಿಲೆಟ್ಟನ ನೇತೃತ್ವದಲ್ಲಿ ಮೂರು ವರ್ಣಚಿತ್ರಗಳನ್ನು ತೆಗೆಯಿತು. ಅವುಗಳಲ್ಲಿ ಹಳೆಯ ಫೆಲಿಕ್ಸನ ಚಮತ್ಕಾರವಿರಲಿಲ್ಲ. ೧೯೫೮ರಲ್ಲಿ ಜೋ ಒರಿಯೊಲೊ ಎಂಬವನು ಮಾಯಾಚೀಲವನ್ನು ಕೈಗಿತ್ತು ಫೆಲಿಕ್ಸನನ್ನು ದೂರದರ್ಶನದಲ್ಲಿ ಪುನರುಜ್ಜೀವಿಸಿದನು. ೨೦೧೪ರಲ್ಲಿ ಪಾತ್ರದ ಹಕ್ಕುಗಳನ್ನು ಡ್ರೀಮ್‌ವರ್ಕ್ಸ್ ಸಂಸ್ಥೆ ಕೊಂಡುಕೊಂಡಿತು. ಮೆಸ್ಮರನಾದರೋ ಸಲಿವನ್ನನ ಮರಣಾನಂತರವೂ ೧೯೫೪ರವರೆಗೆ ಪತ್ರಿಕೆಗಳಿಗೆ ಫೆಲಿಕ್ಸನ ಚಿತ್ರಗಳನ್ನು ಬರೆಯುತ್ತ, ನ್ಯೂಯಾರ್ಕಿನ ಟೈಮ್ಸ್ ಚೌಕದಲ್ಲಿ ವಿದ್ಯುದ್ದೀಪಗಳ ಚಲಿಸುವ ಜಾಹೀರಾತುಗಳಿಗೆ ಚಿತ್ರಗಳನ್ನು ರಚಿಸುತ್ತ ಜೀವನ ಸಾಗಿಸಿದನು. ಅವನನ್ನು ಲೋಕ ಅರಿತುದು ತಡವಾಗಿ. ಕಾರ್ಟೂನು ಚಿತ್ರಗಳ ಇತಿಹಾಸಕಾರ ಜಾನ್ ಕೇನ್‌ಮೇಕರ್ ಅವರು ಅವನನ್ನು ಸಂದರ್ಶಿಸಿ ೧೯೭೭ರಲ್ಲಿ ಸಾಕ್ಷ್ಯಚಿತ್ರವನ್ನೂ, ೧೯೯೧ರಲ್ಲಿ ಫೆಲಿಕ್ಸನ ಬಗ್ಗೆ ವಿಸ್ತಾರವಾದ ಗ್ರಂಥವನ್ನೂ ಹೊರತಂದರು. ಆ ಗ್ರಂಥವನ್ನು ನೋಡಲು ಮೆಸ್ಮರನು ಉಳಿದಿರಲಿಲ್ಲ; ಅವನು ೧೯೮೩ರಲ್ಲಿ ಕಾಲವಶನಾಗಿದ್ದನು.

೭

ಇನ್ನು ಪ್ರಮಾಣಗಳನ್ನು ಪರೀಕ್ಷಿಸೋಣ. ಸಲಿವನ್ನನ ಪರವಾದ ವಾದಗಳು ಮುಖ್ಯವಾಗಿ ಮೂರು.

ಮೊದಲನೆಯದು, ಚಿತ್ರಗಳ ಮೇಲೂ ಚಿತ್ರಕಥೆಗಳ ಮೇಲೂ ಅವನ ಹೆಸರಿದೆಯೆಂಬುದು; ಬೆಕ್ಕು ತನ್ನ ಕಲ್ಪನೆಯೆಂದು ಅವನೇ ಹೇಳಿರುವುದೂ ಇದಕ್ಕೆ ಸೇರುತ್ತದೆ. ೧೯೨೫ರಲ್ಲಿ ಆಸ್ಟ್ರೇಲಿಯಕ್ಕೆ ಹೋದಾಗ, ತನ್ನ ಪತ್ನಿ ಸ್ಟುಡಿಯೊಗೆ ತಂದ ಬೆಕ್ಕೇ ಈ ಪಾತ್ರಕ್ಕೆ ಪ್ರೇರಣೆಯೆಂದು ಅವನು ಪತ್ರಿಕೆಯವರಿಗೆ ತಿಳಿಸಿದ್ದನು. ಎರಡನೆಯದು, ೧೯೧೭ರಲ್ಲಿ, ಎಂದರೆ ‘ಫೀಲೈನ್ ಫಾಲೀಸ್’ಗೆ ಎರಡು ವರ್ಷ ಮೊದಲು, ಅವನ ಸ್ಟುಡಿಯೊದಿಂದ ‘ದಿ ಟೇಲ್ ಆಫ್ ಥಾಮಸ್ ಕ್ಯಾಟ್’ ಎಂಬ ಚಿತ್ರ ಬಂದಿತೆಂಬುದು. ಮೂರನೆಯದು, ‘ಫೀಲೈನ್ ಫಾಲೀಸ್’ ಚಿತ್ರದ ಒಳಗಿನ ಅಕ್ಷರಗಳು ಸಲಿವನ್ನನ ಕೈಬರಹವನ್ನು ಹೋಲುತ್ತವೆಂಬುದು. ಅದರಲ್ಲಿ ಮರಿಗಳ ಬಾಯಲ್ಲಿ ಬರುವ ‘ಮಮ್’ ಎಂಬ ಸಂಬೋಧನೆ ಆಸ್ಟ್ರೇಲಿಯದ ರೂಢಿ, ಅಮೆರಿಕದವರಾದರೆ ‘ಮಾಮ್’ ಎಂದು ಬರೆಯುತ್ತಿದ್ದರು ಎಂದೂ ಹೇಳುತ್ತಾರೆ. ಈ ವಾದಗಳನ್ನು ೨೦೦೪ರಲ್ಲಿ ಆಸ್ಟ್ರೇಲಿಯದ ದೂರದರ್ಶನ ಕಾರ್ಯಕ್ರಮವೊಂದೂ, ೨೦೦೫ರಲ್ಲಿ ನ್ಯೂ ಸೌತ್ ವೇಲ್ಸ್ ಗ್ರಂಥಾಲಯದ ಪ್ರದರ್ಶನವೂ ಮುಂದಿಟ್ಟವು.

ಇವುಗಳಲ್ಲಿ ಎರಡನೆಯದು ದುರ್ಬಲ. ಬೆಕ್ಕುಗಳು ಕಾರ್ಟೂನುಗಳಲ್ಲಿ ಆಗಲೇ ಸಾಮಾನ್ಯವಾಗಿದ್ದವು. ಥಾಮಸ್ ಕ್ಯಾಟ್ ಚಿತ್ರ ನಮ್ಮ ಕಣ್ಣೆದುರಿಗಿಲ್ಲದ ಕಾರಣ, ಅದರ ಬೆಕ್ಕಿನ ರೂಪವನ್ನು ಫೆಲಿಕ್ಸನ ರೂಪದೊಡನೆ ಹೋಲಿಸಿ ಹೇಳುವಂತಿಲ್ಲ. ಹೆಸರಿನ ಹೋಲಿಕೆಯೊಂದೇ ವಂಶವನ್ನು ಸಿದ್ಧಮಾಡದು. ಮೂರನೆಯ ವಾದ ಗಣನೀಯವಾದುದು. ಅದನ್ನು ತಳ್ಳಿಹಾಕಲು ನಾವು ಇಚ್ಛಿಸುವುದಿಲ್ಲ. ಅಕ್ಷರಗಳು ಸಲಿವನ್ನನವೆಂದೇ ಒಪ್ಪಿದರೂ ಅದರಿಂದ ಸಿದ್ಧವಾಗುವುದು ಅಕ್ಷರಗಳ ಕರ್ತೃತ್ವ ಮಾತ್ರ. ಒಬ್ಬನು ಚಿತ್ರ ಬರೆದು ಇನ್ನೊಬ್ಬನು ಅಕ್ಷರ ತುಂಬುವುದು ಸ್ಟುಡಿಯೊಗಳ ವಾಡಿಕೆ. ಶಾಸನವನ್ನು ಕಲ್ಲಿನಲ್ಲಿ ಕಂಡರಿಸಿದವನೇ ಅದರ ಕವಿಯೆಂದು ನಾವು ಹೇಳುವುದಿಲ್ಲವಷ್ಟೆ.

ಮೆಸ್ಮರನ ಪಕ್ಷಕ್ಕೆ ಪ್ರಧಾನವಾದ ಆಧಾರ ಅವನ ಸ್ವಂತ ಹೇಳಿಕೆ. ಅದು ಘಟನೆಯಾದ ಅರ್ಧ ಶತಮಾನದ ಮೇಲೆ ಹೇಳಿದ್ದು ಎಂಬ ಆಕ್ಷೇಪಕ್ಕೆ ಅವಕಾಶವಿದೆ. ವೃದ್ಧಾಪ್ಯದ ಸ್ಮೃತಿಯನ್ನು ಇತಿಹಾಸಕಾರನು ಎಚ್ಚರದಿಂದ ಬಳಸಬೇಕು. ಆದರೆ ಆಲ್ ಯೂಗ್‌ಸ್ಟರ್, ಹಾಲ್ ವಾಕರ್ ಮೊದಲಾಗಿ ಆ ಸ್ಟುಡಿಯೊದಲ್ಲಿಯೇ ದುಡಿದವರು, ಕೆಲಸವನ್ನು ನಡೆಸುತ್ತಿದ್ದವನು ಮೆಸ್ಮರನೇ ಎಂದು ಸಾಕ್ಷಿ ನುಡಿದಿದ್ದಾರೆ. ಫೆಲಿಕ್ಸನ ನಡೆಯಲ್ಲಿ ಕಾಣುವ ಚಾಪ್ಲಿನ್ನನ ಛಾಯೆ, ಚಾಪ್ಲಿನ್ ಕಾರ್ಟೂನುಗಳಲ್ಲಿ ಪಳಗಿದ ಕೈಯನ್ನು ಸೂಚಿಸುತ್ತದೆ. ಇದು ಅಂತಃಸಾಕ್ಷ್ಯ.

ಇವುಗಳಿಗಿಂತ ಬಲವಾದುವೆಂದು ನಮಗೆ ತೋರುವ ಸಂಗತಿಗಳು ಬೇರೆ ಇವೆ. ಸಲಿವನ್ನನು ೧೯೨೫ರಲ್ಲಿ ಆಸ್ಟ್ರೇಲಿಯಕ್ಕೆ ಹಡಗು ಹತ್ತಿದಾಗ ನ್ಯೂಯಾರ್ಕಿನಲ್ಲಿ ಫೆಲಿಕ್ಸ್ ಚಿತ್ರಗಳ ತಯಾರಿಕೆ ನಿಲ್ಲಲಿಲ್ಲ. ‘ಕರ್ತೃ’ವು ಸಮುದ್ರದಾಚೆಯಿದ್ದರೂ ಕೃತಿಗಳು ಹೊರಬೀಳುತ್ತಿದ್ದವು. ಪ್ರತಿಯಾಗಿ, ಸಲಿವನ್ನನು ಸತ್ತಾಗ ಮೆಸ್ಮರನು ಜೀವಂತನಾಗಿದ್ದರೂ, ಕೈ ಕುಶಲವಾಗಿದ್ದರೂ, ಆ ಸ್ಟುಡಿಯೊದಿಂದ ಫೆಲಿಕ್ಸನ ಒಂದು ಚಿತ್ರವೂ ಹೊರಬರಲಿಲ್ಲ. ಸಲಿವನ್ನನ ಗೈರುಹಾಜರಿಯಲ್ಲಿ ನಡೆದುದು ಕಲೆ, ಅವನ ಮರಣದಿಂದ ನಿಂತುದು ಹಕ್ಕು. ಮಾಡಿದವನಿಗೂ ಮಾಡಿಸಿದವನಿಗೂ ಇರುವ ಅಂತರವನ್ನು ಈ ಎರಡು ಸಂಗತಿಗಳು ತೋರಿಸಿಕೊಡುತ್ತವೆ. ಇನ್ನೊಂದು ಸಂಗತಿ ಮೊದಲನೆಯ ವಾದದ ಬುಡವನ್ನೇ ಅಲುಗಿಸುತ್ತದೆ. ಸಲಿವನ್ನನು ತೀರಿಕೊಂಡ ಮೇಲೆಯೂ ಪತ್ರಿಕೆಗಳ ಚಿತ್ರಕಥೆ ಅವನ ಹೆಸರಿನಲ್ಲಿಯೇ ಪ್ರಕಟವಾಗುತ್ತಿತ್ತು. ಸತ್ತವನು ಚಿತ್ರ ಬರೆಯಲಾರನಾದುದರಿಂದ, ಆ ಹೆಸರು ಚಿತ್ರ ಬರೆದ ಕೈಯನ್ನು ಸೂಚಿಸುವ ರುಜುವಲ್ಲ, ಸ್ವಾಮ್ಯವನ್ನು ಸೂಚಿಸುವ ಮುದ್ರೆ ಎಂಬುದು ನಿಸ್ಸಂದೇಹ. ಮರಣಾನಂತರದ ಹೆಸರು ಮುದ್ರೆಯಾದರೆ, ಮರಣಕ್ಕೆ ಮೊದಲಿನ ಅದೇ ಹೆಸರನ್ನು ರುಜುವೆಂದು ನಂಬುವುದಕ್ಕೆ ಬೇರೆ ಪ್ರಮಾಣ ಬೇಕಾಗುತ್ತದೆ.

೮

ಈ ವಿವೇಚನೆಯಿಂದ ಫಲಿಸುವ ನಿರ್ಣಯವನ್ನು ಹೀಗೆ ಹೇಳಬಹುದು. ಫೆಲಿಕ್ಸನ ಆಕಾರ, ಚಲನೆ, ಸ್ವಭಾವಗಳ ಪ್ರಧಾನ ಕರ್ತೃ ಮೆಸ್ಮರನೆಂಬುದು ಬಹುಮಟ್ಟಿಗೆ ಸಿದ್ಧವಾದ ಮಾತು. ಸಲಿವನ್ನನು ಸ್ಟುಡಿಯೊವನ್ನು ಕಟ್ಟಿ ಕೆಲಸ ಕೊಟ್ಟವನು, ವ್ಯಾಪಾರವನ್ನು ನಡೆಸಿದವನು. ಮೊದಲ ಚಿತ್ರದ ಅಕ್ಷರಗಳಲ್ಲಿ ಅವನ ಕೈಯಿದ್ದಿರಲೂಬಹುದು. ರೂಪವನ್ನು ತಿದ್ದಿದ ನೋಲನ್, ದೇಶಾಂತರಗಳಿಗೆ ಒಯ್ದ ವಿಂಕ್ಲರ್, ಹೆಸರಿಲ್ಲದೆ ಸಾವಿರಾರು ಹಾಳೆಗಳಿಗೆ ಮಸಿ ತುಂಬಿದವರು, ಇವರೆಲ್ಲರಿಗೂ ಇದರಲ್ಲಿ ಪಾಲುಂಟು. ಮೆಸ್ಮರನು ತನ್ನ ಕಾಲದಲ್ಲಿ ಬಾಯಿ ತೆರೆಯಲಿಲ್ಲವೆಂಬುದನ್ನು ಅವನ ವಿರುದ್ಧ ಸಾಕ್ಷ್ಯವಾಗಿ ಬಳಸುವುದು ನ್ಯಾಯವಲ್ಲ. ಸಂಬಳಗಾರನ ಮೌನ ಒಪ್ಪಿಗೆಯ ಲಕ್ಷಣವಾಗಿರಬೇಕೆಂಬ ನಿಯಮವಿಲ್ಲ. ಆ ಕಾಲದ ಸ್ಟುಡಿಯೊಗಳಲ್ಲಿ ಯಜಮಾನನ ಹೆಸರೊಂದೇ ಮುಂದೆ ಬರುವುದು ರೂಢಿಯಾಗಿತ್ತು.

ಹದಿಮೂರನೆಯ ಶತಮಾನದ ಸೋಮನಾಥಪುರದ ದೇವಾಲಯದಲ್ಲಿ, ಮಾಡಿಸಿದ ಸೋಮನಾಥ ದಂಡನಾಯಕನ ಹೆಸರು ಶಾಸನದಲ್ಲಿದೆ. ಮಾಡಿದ ಮಲ್ಲಿತಮ್ಮನ ಹೆಸರು ಅವನು ಕಡೆದ ವಿಗ್ರಹಗಳ ಬುಡದಲ್ಲಿದೆ. ಒಬ್ಬನ ಹೆಸರಿನಿಂದ ಇನ್ನೊಬ್ಬನಿಗೆ ಊನವಾಗಲಿಲ್ಲ. ಏಳು ಶತಮಾನ ಈಚಿನ, ಎಲ್ಲ ಬಗೆಯ ದಾಖಲೆಗಳೂ ಇದ್ದ ನ್ಯೂಯಾರ್ಕ್ ನಗರದಲ್ಲಿ ಕೆಲಸಮಾಡಿದ ಒಬ್ಬ ಚಿತ್ರಕಾರನಿಗೆ ಅಷ್ಟು ಜಾಗವೂ ದೊರೆಯಲಿಲ್ಲ. ತನ್ನ ಬೆಕ್ಕು ತನ್ನದೆಂದು ಲೋಕ ಒಪ್ಪುವುದನ್ನು ಕಾಣಲು ಅವನು ಎಂಬತ್ತು ವರ್ಷ ದಾಟುವವರೆಗೆ ಬದುಕಬೇಕಾಯಿತು. ದಾಖಲೆಯಲ್ಲಿರುವ ಹೆಸರನ್ನು ಓದುವುದರೊಡನೆ, ಆ ಹೆಸರು ಅಲ್ಲಿಗೆ ಹೇಗೆ ಬಂದಿತೆಂಬುದನ್ನೂ ಕೇಳಬೇಕೆಂಬ ಪಾಠವನ್ನು ಇತಿಹಾಸದ ವಿದ್ಯಾರ್ಥಿಗಳು ಈ ಪುಟ್ಟ ಕರಿಬೆಕ್ಕಿನ ಚರಿತ್ರೆಯಿಂದ ಕಲಿಯಬಹುದಾಗಿದೆ.